ಏಳು ಕೆಜಿ ಒಳಗಿದ್ದರೆ ಆರಾಮ: 35 ಲೀಟರಿನ ಹಗುರ ಟ್ರೆಕ್ಕಿಂಗ್ ಬ್ಯಾಗ್ ಬಗ್ಗೆ

ಬ್ಯಾಗ್ ಚೆನ್ನಾಗಿದೆ. ಸಾಮಾನು, ನೀರು ಎಲ್ಲ ಸೇರಿ ಏಳು ಕೆಜಿ ಒಳಗೆ ತುಂಬುವವರು ಯೋಚನೆ ಮಾಡದೆ ತಗೊಳ್ಳಬಹುದು. ಹತ್ತು ಹನ್ನೆರಡು ಕೆಜಿ ಹೊರುವ ಅಭ್ಯಾಸ ಇರುವವರು ದಯವಿಟ್ಟು ಈ ಕಡೆ ತಲೆ ಹಾಕಬೇಡಿ. ನಿಮಗೂ ಭುಜ ನೋವು, ಬ್ಯಾಗಿಗೂ ಹೊಲಿಗೆ ನೋವು. ಇಷ್ಟೇ ಬೇಕಿತ್ತು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಅಂತ ಕೇಳುವವರಿಗೆ ಮುಂದಿನದು.

ಕಂಪನಿ ಹೆಸರು ಬರೆಯುತ್ತಿಲ್ಲ. ಕೆಳಗೆ ಒಂದೆರಡು ದೂರುಗಳಿವೆ. ನನ್ನ ಕೈಗೆ ಸಿಕ್ಕ ಒಂದೇ ಒಂದು ಬ್ಯಾಗಿನ ಕಥೆ ಇಟ್ಟುಕೊಂಡು ಕಂಪನಿಯ ಮಾನ ತೆಗೆಯುವುದು ಸರಿಯಲ್ಲ. ಅಲ್ಲದೆ ಇದೇ ಅಚ್ಚಿನ ಬ್ಯಾಗನ್ನು ಈಗ ಬೇಕಾದಷ್ಟು ಕಂಪನಿಗಳು ಮಾಡುತ್ತಿವೆ. 35 ಲೀಟರ್, ಒಂದು ಕೆಜಿ ಆಸುಪಾಸು ತೂಕ, ತೆಳ್ಳಗಿನ ರಿಪ್‌ಸ್ಟಾಪ್ (ತೂತಾದರೂ ಹರಿಯುತ್ತಾ ಹೋಗದ ಹಾಗೆ ನೇಯ್ದ) ನೈಲಾನ್ ಬಟ್ಟೆ, ಮೇಲೆ ಜಿಪ್ ಬದಲು ಸುತ್ತಿ ಬಕಲ್ ಹಾಕುವ ಬಾಯಿ, ಬೆನ್ನಿಗೆ ಜಾಲರಿ, ಸೊಂಟಕ್ಕೆ ಬೆಲ್ಟು. ಬಣ್ಣ, ಲೋಗೋ ಬೇರೆ ಬೇರೆ, ಮೈಕಟ್ಟು ಹೆಚ್ಚುಕಮ್ಮಿ ಒಂದೇ. ನಾನು ಕೊಟ್ಟಿದ್ದು 6,500 ರೂಪಾಯಿ, ಸೇಲ್‌ನಲ್ಲಿ.

35 ಲೀಟರ್ ಸಾಕಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಕಡೆಯ ಬೆಟ್ಟಗಳಿಗೆ ಧಾರಾಳ ಸಾಕು. ಸಾವನದುರ್ಗ, ಮಾಕಳಿದುರ್ಗ, ಸ್ಕಂದಗಿರಿ ಥರ ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬರುವ ಜಾಗಗಳಿಗೆ ನಿಜ ಹೇಳಬೇಕೆಂದರೆ 20 ಲೀಟರೇ ಜಾಸ್ತಿ. ರಾತ್ರಿ ಉಳಿಯುವ ಟ್ರೆಕ್ ಅಂದಕೂಡಲೇ ಜನ 50, 60 ಲೀಟರ್ ನೋಡಲು ಶುರು ಮಾಡುತ್ತಾರೆ. ಅದಕ್ಕೆ ಕಾರಣ ಯೂಟ್ಯೂಬ್. ಅಮೆರಿಕದವರ ವಿಡಿಯೋದಲ್ಲಿ ಟೆಂಟ್, ಸ್ಟೌ, ಗ್ಯಾಸ್, ಪಾತ್ರೆ, ಕರಡಿ ಬಂದರೂ ತೆಗೆಯಲಾಗದ ಡಬ್ಬಿ ಎಲ್ಲ ಇರುತ್ತೆ. ಅಲ್ಲಿ ದಿನಗಟ್ಟಲೆ ನಡೆದರೂ ಊರು ಸಿಗದ ಕಾಡುಗಳಿವೆ, ಅವರಿಗೆ ಬೇಕು. ನಮಗೆ ಎಲ್ಲಿಗೆ? ಕುಮಾರಪರ್ವತಕ್ಕೆ ಕುಕ್ಕೆ ಕಡೆಯಿಂದ ಹತ್ತಿದರೆ ಗಿರಿಗದ್ದೆಯಲ್ಲಿ ಭಟ್ಟರ ಮನೆ ಇದೆ, ಬಿಸಿ ಅನ್ನ ಸಾಂಬಾರ್ ಹಾಕುತ್ತಾರೆ. ಕೊಡಚಾದ್ರಿ ಮೇಲೂ ದೇವಸ್ಥಾನದ ಹತ್ತಿರ ಭಟ್ಟರ ಮನೆಯಲ್ಲಿ ಊಟ ವಸತಿ ಮಾಡಿಕೊಂಡು ಬಂದವರು ಎಷ್ಟೋ ಜನ. ಕುದುರೆಮುಖಕ್ಕಾದರೆ ಸಂಸೆ, ಕಳಸ ಕಡೆಯ ಹೋಂಸ್ಟೇಗಳಲ್ಲಿ ಉಳಿದು, ಮುಳ್ಳೋಡಿಯಿಂದ ಹತ್ತಿ ಸಂಜೆಯೊಳಗೆ ಇಳಿಯಬೇಕು. ರಾಷ್ಟ್ರೀಯ ಉದ್ಯಾನದ ಒಳಗೆ ಟೆಂಟ್ ಹಾಕುವ ಹಾಗೇ ಇಲ್ಲ. ಎಲ್ಲಿ ರಾತ್ರಿ ಉಳಿಯಲು ಬಿಡುತ್ತಾರೆ, ಎಲ್ಲಿ ಬಿಡಲ್ಲ ಅನ್ನುವುದು ಆಗಾಗ ಬದಲಾಗುತ್ತೆ, ಹೊರಡುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಆದರೆ ಒಂದಂತೂ ಸತ್ಯ, ಪಶ್ಚಿಮಘಟ್ಟದಲ್ಲಿ ರಾತ್ರಿ ಉಳಿಯುವ ಟ್ರೆಕ್ ಅಂದರೆ ಬಹುಪಾಲು ಯಾರದೋ ಮನೆಯ ಜಗಲಿ, ಚಾಪೆ, ಕಂಬಳಿ. ಒಲೆ ಹೊತ್ತುಕೊಂಡು ಹೋಗುವ ಕೆಲಸವಿಲ್ಲ.

ಹಾಗಾಗಿ ನನ್ನ ಬ್ಯಾಗಿನಲ್ಲಿ ಇರುವುದು ಇಷ್ಟು. ತಳದಲ್ಲಿ ಒಂದು ಕೆಜಿಯ ತೆಳು ಸ್ಲೀಪಿಂಗ್ ಬ್ಯಾಗ್. ಅದರ ಮೇಲೆ ಒಂದು ಜೊತೆ ಬಟ್ಟೆ, ಒಂದು ಸ್ವೆಟರ್, ಜಾಸ್ತಿ ಕಾಲುಚೀಲ (ಇದರಲ್ಲಿ ಮಾತ್ರ ಜಿಪುಣತನ ಬೇಡ). ಬೆನ್ನಿಗೆ ಅಂಟಿಕೊಂಡ ಹಾಗೆ ಎರಡು ಲೀಟರ್ ನೀರು. ಮೇಲ್ಗಡೆ ಚಪಾತಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಅವಲಕ್ಕಿಯ ಡಬ್ಬಿ, ಚಿಕ್ಕಿ. ಆಮೇಲೆ ಪೊಂಚೊ (ತಲೆಯಿಂದ ಹಾಕಿಕೊಳ್ಳುವ ಮಳೆ ಹೊದಿಕೆ), ಹೆಡ್ ಟಾರ್ಚ್, ಮಾತ್ರೆ, ಬ್ಯಾಂಡೇಜ್, ಪವರ್ ಬ್ಯಾಂಕ್. ಎಲ್ಲ ಸೇರಿ ತೂಕಕ್ಕಿಟ್ಟರೆ ಆರೂವರೆ ಕೆಜಿ. ಅದರಲ್ಲಿ ನೀರೇ ಎರಡು ಕೆಜಿ. ಟೂತ್‌ಬ್ರಷ್ ಹಿಡಿ ಮುರಿದು ಗ್ರಾಂ ಉಳಿಸುವವರಿದ್ದಾರಂತೆ, ಅವರಿಗೆ ನಮಸ್ಕಾರ. ನಮಗೆ ಭಾರ ಅಂದರೆ ನೀರು. ದಾರಿಯಲ್ಲಿ ನೀರು ಎಲ್ಲಿ ಸಿಗುತ್ತೆ ಅಂತ ಗೊತ್ತಿದ್ದರೆ ಒಂದು ಕೆಜಿ ಸುಮ್ನೆ ಕಮ್ಮಿಯಾಗುತ್ತೆ. ಕುಮಾರಪರ್ವತದಲ್ಲಿ ಗಿರಿಗದ್ದೆಯಲ್ಲಿ ತುಂಬಿಸಿಕೊಳ್ಳಬಹುದು, ಅಲ್ಲಿಂದ ಮೇಲೆ ಕಲ್ಲುಮಂಟಪದ ಹತ್ತಿರ ಸಿಗುತ್ತೆ, ಬೇಸಿಗೆಯಲ್ಲಿ ಮಾತ್ರ ಅದನ್ನು ನಂಬಬೇಡಿ. ಆಮೇಲೆ ಶೇಷಪರ್ವತದ ಬೋಳು ಏರು, 1,712 ಮೀಟರಿನ ತುದಿಗೆ ಮುಂಚೆ ಸಿಗುವ ಕಾಡು ಬಿಟ್ಟರೆ ತಲೆ ಮೇಲೆ ಬಿಸಿಲು.

ಈಗ ಬ್ಯಾಗಿನ ತೂಕ. ಚೀಟಿಯಲ್ಲಿ 880 ಗ್ರಾಂ ಅಂತ ಇತ್ತು. ನಮ್ಮ ಬೀದಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ 1,040. ಅಂಗಡಿಯವರು ನಕ್ಕು, "ಏನ್ ಮೇಡಂ, ಖಾಲಿ ಬ್ಯಾಗ್ ತೂಕಕ್ಕೆ ಹಾಕ್ತೀರಲ್ಲ, ಅಕ್ಕಿ ತುಂಬಿ ಕೊಡ್ಲಾ?" ಅಂದರು. ವ್ಯತ್ಯಾಸ ಎಲ್ಲಿಂದ ಬಂತು ಅಂದರೆ, ರೈನ್ ಕವರ್ ಮತ್ತು ಬೆನ್ನಿನ ಒಳಗಿರುವ ಫೋಮ್ ಹಾಳೆ ತೆಗೆದು ತೂಕ ಬರೆದಿದ್ದಾರೆ. ಆ ಹಾಳೆ ತೆಗೆದರೆ ಬ್ಯಾಗು ಗೋಣಿಚೀಲದ ಥರ ಮುದುಡಿಕೊಳ್ಳುತ್ತೆ, ಯಾರೂ ತೆಗೆಯಲ್ಲ. ಹೀಗಿದ್ದ ಮೇಲೆ ಆ 880 ಯಾರಿಗೆ? 160 ಗ್ರಾಂ ಏನೂ ದೊಡ್ಡದಲ್ಲ ಬಿಡಿ, ಒಂದು ಲೋಟ ನೀರಿನ ಭಾರ. ಆದರೆ ಹಗುರ ಅಂತಲೇ ಮಾರುವ ವಸ್ತುವಿನ ಚೀಟಿಯಲ್ಲಿ ಹೊರುವ ತೂಕ ಬರೆದಿರಬೇಕು ಅಲ್ವಾ? ತಗೊಳ್ಳುವಾಗ ಈ ಒಂದು ಪ್ರಶ್ನೆ ಕೇಳಿ: ಯಾವ ಯಾವುದನ್ನು ಬಿಟ್ಟು ತೂಗಿದ್ದೀರಿ?

ಅದಕ್ಕಿಂತ ಮುಖ್ಯ, ಭಾರ ಎಲ್ಲಿ ಕೂರುತ್ತೆ ಅನ್ನುವುದು. 200 ಗ್ರಾಂ ಜಾಸ್ತಿ ಇದ್ದರೂ ಸೊಂಟಕ್ಕೆ ಭಾರ ದಾಟಿಸುವ ಬ್ಯಾಗು, 200 ಗ್ರಾಂ ಕಮ್ಮಿ ಇದ್ದು ಭುಜಕ್ಕೆ ನೇತುಬೀಳುವ ಬ್ಯಾಗಿಗಿಂತ ಹಗುರ ಅನಿಸುತ್ತೆ. ಇದು ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿಕೊಂಡು ಕನ್ನಡಿ ನೋಡಿದರೆ ಗೊತ್ತಾಗಲ್ಲ. ಹೊರುವ ಕ್ರಮ ಹೀಗೆ: ಎಲ್ಲ ಪಟ್ಟಿ ಸಡಿಲ ಬಿಡಿ. ಬ್ಯಾಗ್ ಹಾಕಿಕೊಂಡು ಸ್ವಲ್ಪ ಮುಂದಕ್ಕೆ ಬಾಗಿ, ಬೆಲ್ಟಿನ ನಡುಭಾಗ ಸೊಂಟದ ಎರಡೂ ಕಡೆಯ ಮೂಳೆಯ ಏಣಿನ ಮೇಲೆ ಕೂರುವ ಹಾಗೆ ಇಟ್ಟು ಬಿಗಿ ಮಾಡಿ. ಹೊಟ್ಟೆ ಮೇಲೆ ಅಲ್ಲ, ಮೂಳೆ ಮೇಲೆ. ಆಮೇಲೆ ಭುಜದ ಪಟ್ಟಿ ಎಳೆಯಿರಿ, ಬೆನ್ನಿಗೆ ತಾಗುವಷ್ಟು ಮಾತ್ರ. ಕೊನೆಗೆ ಎದೆಯ ಪಟ್ಟಿ. ಈಗ ಭುಜದ ಪಟ್ಟಿ ಕೆಳಗೆ ಎರಡು ಬೆರಳು ಸಲೀಸಾಗಿ ತೂರಿದರೆ ಭಾರ ಸೊಂಟಕ್ಕೆ ಹೋಗಿದೆ ಅಂತ ಅರ್ಥ.

ಈ ಬ್ಯಾಗಿನಲ್ಲಿ ಆರೇಳು ಕೆಜಿ ತನಕ ಹಾಗೇ ಆಗುತ್ತೆ, ಚೆನ್ನಾಗಿ ಆಗುತ್ತೆ. ಬೆನ್ನಿಗೆ ಅಂಟಿಕೊಂಡು ಬರುತ್ತೆ, ಬಂಡೆ ಹತ್ತುವಾಗ ಅತ್ತಿತ್ತ ಓಲಾಡಲ್ಲ. ಒಂದು ಸಲ ಜೊತೆಯಲ್ಲಿದ್ದವರ ನೀರೂ ನಾನೇ ಹೊತ್ತಿದ್ದರಿಂದ ಹತ್ತು ಕೆಜಿ ದಾಟಿತ್ತು. ಆಗ ಬಣ್ಣ ಬಯಲಾಯಿತು. ಬೆನ್ನಿನ ಹಾಳೆ ನಡುವೆ ಬಾಗಿ ಬೆನ್ನಿಗೆ ಉಬ್ಬು ಒತ್ತಲು ಶುರುವಾಯಿತು, ಬೆಲ್ಟು ಜಾರಿ ಜಾರಿ ಹೊಟ್ಟೆಗೆ ಬಂತು, ಭಾರವೆಲ್ಲ ಭುಜದ ಮೇಲೆ. ಒಳಗೆ ಕಂಬಿ ಇಲ್ಲದ ಬ್ಯಾಗಿನಿಂದ ಇನ್ನೇನು ನಿರೀಕ್ಷೆ ಮಾಡುವುದು, ತೂಕ ಉಳಿಸಿದ್ದೇ ಅಲ್ಲಿ. ದೂರಲ್ಲ ಇದು, ಮಿತಿ. ಆದರೆ ಆ ಮಿತಿಯನ್ನು ಚೀಟಿಯಲ್ಲಿ ಎಲ್ಲೂ ಬರೆದಿಲ್ಲ.

ಅಳತೆಯ ವಿಷಯ ಒಂದು ಹೇಳಲೇಬೇಕು, ಯಾಕೆಂದರೆ ಹೆಂಗಸರಿಗೆ ಇದರಿಂದಲೇ ಜಾಸ್ತಿ ತೊಂದರೆ. ಬ್ಯಾಗಿನ ಸೈಜು ನಿಮ್ಮ ಎತ್ತರ ನೋಡಿ ಅಲ್ಲ, ಬೆನ್ನಿನ ಉದ್ದ ನೋಡಿ ಆರಿಸಬೇಕು. ತಲೆ ಬಗ್ಗಿಸಿದಾಗ ಕತ್ತಿನ ಬುಡದಲ್ಲಿ ಒಂದು ಮೂಳೆ ಉಬ್ಬಿ ನಿಲ್ಲುತ್ತಲ್ಲ, ಅಲ್ಲಿಂದ ಸೊಂಟದ ಮೂಳೆಯ ಮಟ್ಟದ ತನಕ ಟೇಪ್ ಹಿಡಿದು ಅಳೆಯಿರಿ. ನನ್ನದು 42 ಸೆಂಟಿಮೀಟರ್. ನನಗಿಂತ ಒಂದು ಗೇಣು ಎತ್ತರ ಇರುವ ನಮ್ಮ ಭಾವನದು 45, ಅವರ ಎತ್ತರವೆಲ್ಲ ಕಾಲಿನಲ್ಲೇ ಇದೆ. ಅಂಗಡಿಯ ಹುಡುಗ ಅಳೆಯದೇ "ಇದು ಫ್ರೀ ಸೈಜ್ ಮೇಡಂ" ಅಂದ. ಫ್ರೀ ಸೈಜ್ ಅನ್ನುವುದು ನೈಟಿಗೆ ಸರಿ. ಪುಣ್ಯಕ್ಕೆ ಈ ಬ್ಯಾಗು ನನ್ನ ಬೆನ್ನಿಗೆ ಕೂತಿತು, 48, 50 ಇರುವವರಿಗೆ ಬೆಲ್ಟು ಪಕ್ಕೆಲುಬಿಗೆ ಬರುತ್ತೆ. ಅಂಗಡಿಗೆ ಹೋಗುವಾಗ ನಾಲ್ಕು ಬಾಟಲಿ ನೀರು ಒಯ್ಯಿರಿ, ಬ್ಯಾಗಿಗೆ ತುಂಬಿ ಒಂದು ಹತ್ತು ನಿಮಿಷ ಅಲ್ಲೇ ಮೆಟ್ಟಿಲು ಹತ್ತಿ ಇಳಿಯಿರಿ. ಯಾರಾದರೂ ವಿಚಿತ್ರವಾಗಿ ನೋಡಿದರೆ ನೋಡಲಿ.

ಬಟ್ಟೆ ತೆಳ್ಳಗಿದೆ, ಹರಿಯಲ್ವಾ ಅನ್ನುವ ಹೆದರಿಕೆ ನನಗೂ ಇತ್ತು. ತಳದಲ್ಲಿ 210 ಡೆನಿಯರ್, ಪಕ್ಕಕ್ಕೆ 100. ಡೆನಿಯರ್ ಅಂದರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನುವ ಲೆಕ್ಕ. ನೂರು ಅಂದರೆ ನಿಜವಾಗಲೂ ತೆಳು, ಕೈಯಲ್ಲಿ ಹಿಡಿದರೆ ಕೊಡೆ ಬಟ್ಟೆಗಿಂತ ಸ್ವಲ್ಪ ದಪ್ಪ ಅಷ್ಟೇ. ಆದರೆ ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಚೌಕದ ಗೆರೆ ಕಾಣುತ್ತೆ, ಅಲ್ಲಲ್ಲಿ ಗಟ್ಟಿ ನೂಲು ಹಾಕಿ ನೇಯ್ದಿರುತ್ತಾರೆ, ಒಂದು ಕಡೆ ತೂತಾದರೂ ಹರಿಯುವುದು ಮುಂದಕ್ಕೆ ಹೋಗದೆ ಆ ಗೆರೆಗೆ ಬಂದು ನಿಲ್ಲುತ್ತೆ. ಲಂಟಾನ ಪೊದೆಯಲ್ಲಿ ನುಗ್ಗಿದ್ದೇನೆ, ಕೋಲಾರದ ಅಂತರಗಂಗೆಯ ಗುಹೆಗಳಲ್ಲಿ ಬಂಡೆ ಸಂದಿಗೆ ಬ್ಯಾಗ್ ಮುಂದೆ ತಳ್ಳಿಕೊಂಡು ತೆವಳಿದ್ದೇನೆ. ಬಟ್ಟೆಗೆ ಗೀರು ಬಿದ್ದಿದೆ, ಹರಿದಿಲ್ಲ. ಹರಿದಿದ್ದು ಮುಂದಿನ ಹಿಗ್ಗುವ ಜಾಲರಿ ಜೇಬು. ಅದೂ ಮೊದಲನೇ ಮುಳ್ಳಿಗೇ. ಇಷ್ಟು ಗಟ್ಟಿ ಬಟ್ಟೆ ಹಾಕಿ, ಮುಳ್ಳಿಗೆ ಮೊದಲು ಸಿಗುವ ಜಾಗದಲ್ಲಿ ಸೊಳ್ಳೆಪರದೆ ಹೊಲಿದಿದ್ದಾರೆ. ಅದರ ಬದಲು ಅದೇ ನೈಲಾನಿನ ಜೇಬು ಇರುವ ಮಾದರಿ ಸಿಕ್ಕರೆ ಅದನ್ನೇ ತಗೊಳ್ಳಿ.

ಮಳೆ. ಹಗುರ ಬ್ಯಾಗಿನ ಪರೀಕ್ಷೆ ಆಗುವುದು ಇಲ್ಲೇ, ಮತ್ತು ಈ ವಿಷಯದಲ್ಲಿ ಯಾವ ಬ್ಯಾಗಿನ ಜಾಹೀರಾತನ್ನೂ ನಾನು ನಂಬಲ್ಲ. ಬಾಯಿ ಸುತ್ತಿ ಮುಚ್ಚುವ ವ್ಯವಸ್ಥೆ ಒಳ್ಳೆಯದೇ, ಮೂರು ಸುತ್ತು ಸುತ್ತಿ ಬಕಲ್ ಹಾಕಿದರೆ ಮೇಲಿಂದ ಹನಿ ಇಳಿಯಲ್ಲ. ಬಟ್ಟೆಯ ಒಳಗಿನ ಲೇಪನವೂ ನೀರು ತಡೆಯುತ್ತೆ. ಆದರೆ ಹೊಲಿಗೆಯ ತೂತುಗಳಿಗೆ ಟೇಪ್ ಹಾಕಿಲ್ಲ. ರೈನ್ ಕವರ್ ಹಾಕಿದರೂ ಬೆನ್ನಿನ ಕಡೆ ತೆರೆದೇ ಇರುತ್ತಲ್ಲ, ಕತ್ತಿನಿಂದ ಇಳಿದ ನೀರು ನೇರ ಬೆನ್ನಿನ ಜಾಲರಿಗೆ, ಅಲ್ಲಿಂದ ಹೊಲಿಗೆಯೊಳಗೆ. ಕೊಡಚಾದ್ರಿಯಲ್ಲಿ ಜೂನ್ ಮಳೆ ಹಿಡಿದಾಗ ಕವರ್ ಹಾಕಿದ ಕಡೆಯೆಲ್ಲ ಒಣಗಿತ್ತು, ಬೆನ್ನಿಗೆ ತಾಗಿ ಇಟ್ಟಿದ್ದ ಬಟ್ಟೆ ಹಿಂಡುವ ಹಾಗಾಗಿತ್ತು. ಗಾಳಿ ಜೋರಾದರೆ ಕವರ್ ಹಾರಿಯೂ ಹೋಗುತ್ತೆ, ಇದಕ್ಕೆ ಬ್ಯಾಗಿಗೆ ಕಟ್ಟುವ ದಾರವನ್ನೂ ಕೊಟ್ಟಿಲ್ಲ. ಪರಿಹಾರ ಎರಡು. ಬಟ್ಟೆ ಮತ್ತು ಸ್ಲೀಪಿಂಗ್ ಬ್ಯಾಗ್ ಒಂದು ಡ್ರೈ ಬ್ಯಾಗಿನಲ್ಲಿ (ನೀರು ಒಳಗೆ ಬಿಡದ ಚೀಲ) ಹಾಕಿ ಒಳಗಿಡುವುದು. ಮೇಲಿಂದ ಬ್ಯಾಗ್ ಸಮೇತ ಮುಚ್ಚುವ ಪೊಂಚೊ ಹಾಕುವುದು. ಮಲೆನಾಡಿನವರು ಗದ್ದೆ ನಾಟಿಗೆ ಗೊರಬು ಹಾಕಿಕೊಂಡು ಇಳಿಯುತ್ತಿದ್ದುದು ಇದೇ ಲೆಕ್ಕದಲ್ಲಿ, ತಲೆಯಿಂದ ಸೊಂಟದವರೆಗೆ ಬೆನ್ನೇ ಮುಚ್ಚಿರುತ್ತಿತ್ತು. ಪೊಂಚೊ ಇದ್ದರೆ ರೈನ್ ಕವರ್ ಮನೆಯಲ್ಲೇ ಬಿಟ್ಟು ಬನ್ನಿ, ಅಷ್ಟು ತೂಕವೂ ಉಳಿಯಿತು.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ವಿದೇಶಿ ವಿಮರ್ಶೆಗಳಲ್ಲಿ ಇದು ಇರಲ್ಲ, ನಮಗೆ ಮಾತ್ರ ಗೊತ್ತಿರುವ ಕಷ್ಟ. ಮಳೆಗಾಲದಲ್ಲಿ ಬ್ಯಾಗ್ ನೆಲಕ್ಕಿಟ್ಟು ಎರಡು ನಿಮಿಷ ಕೂತರೆ ಸಾಕು, ನಾಲ್ಕೈದು ಹತ್ತಿರುತ್ತವೆ. ಈ ಬ್ಯಾಗಿನ ಬೆನ್ನಿನ ಜಾಲರಿ ಇಂಬಳ ಅಡಗಿಕೊಳ್ಳಲಿಕ್ಕೆ ಅಂತಲೇ ಮಾಡಿದ ಹಾಗಿದೆ. ಜಾಲರಿಗೂ ಫೋಮಿಗೂ ನಡುವೆ ಸೇರಿಕೊಂಡರೆ ಹುಡುಕಿ ತೆಗೆಯಲು ಆಗಲ್ಲ, ನೀವು ಬ್ಯಾಗ್ ಹಾಕಿಕೊಂಡ ಮೇಲೆ ಅಂಗಿಗೆ ದಾಟಿ ಸೊಂಟದ ಹತ್ತಿರ ಕಚ್ಚಿರುತ್ತೆ, ಅದು ರಕ್ತ ಕುಡಿದು ಬಿದ್ದ ಮೇಲೆ ನಿಮಗೆ ಗೊತ್ತಾಗುತ್ತೆ. ಕಪ್ಪು ಬಣ್ಣದ ಪಟ್ಟಿ ಮೇಲೆ ಕಪ್ಪು ಇಂಬಳ ಯಾರಿಗೆ ಕಾಣಿಸಬೇಕು. ನನ್ನದು ಬೂದು ಬಣ್ಣ, ಹಸಿರೂ ಇತ್ತು, ತಿಳಿ ಬಣ್ಣವೇ ವಾಸಿ. ಬ್ಯಾಗ್ ಕೆಳಗಿಡಬೇಡಿ, ಮೇಲೆ ಹಿಡಿಯುವ ಕುಣಿಕೆ ಇದೆ, ಕೊಂಬೆಗೆ ನೇತುಹಾಕಿ. ಕಾಲಿಗೆ ಸುಣ್ಣವೋ ಹೊಗೆಸೊಪ್ಪಿನ ನೀರೋ ನಿಮ್ಮ ಮನೆಯ ಪದ್ಧತಿ ಪ್ರಕಾರ ಹಚ್ಚಿಕೊಳ್ಳಿ. ಡೀಟ್ ಅನ್ನುವ ಕೀಟ ಓಡಿಸುವ ರಾಸಾಯನಿಕ ಇರುವ ಸೊಳ್ಳೆ ಕ್ರೀಮ್ ಹಚ್ಚಿದ ಕೈಯಲ್ಲಿ ಮಾತ್ರ ಬಕಲ್, ಹಿಗ್ಗುವ ಬಟ್ಟೆ ಮುಟ್ಟಬೇಡಿ. ನೈಲಾನಿಗೆ ಏನೂ ಆಗಲ್ಲ, ಕೆಲವು ಪ್ಲಾಸ್ಟಿಕ್ಕು, ಹಿಗ್ಗುವ ನೂಲನ್ನು ಅದು ಹಾಳು ಮಾಡುತ್ತೆ.

ಬೆವರಿನ ಮಟ್ಟಿಗೆ ಜಾಲರಿ ಪರವಾಗಿಲ್ಲ. ಕುಕ್ಕೆ ಕಡೆಯ ಕಾಡಿನ ಏರಿನಲ್ಲಿ ಯಾವ ಬ್ಯಾಗಾದರೂ ಬೆನ್ನು ಒದ್ದೆಯೇ.

ಬಾಯಿ ಒಂದೇ ಇರುವುದರ ಕಷ್ಟ ಗೊತ್ತಾಗುವುದು ಚೆಕ್‌ಪೋಸ್ಟಿನಲ್ಲಿ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದಲ್ಲಿ ಜನ ಕಿಕ್ಕಿರಿದ ವಿಡಿಯೋ ಎಲ್ಲರೂ ನೋಡಿರುತ್ತೀರಿ. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ತಪಾಸಣೆಯೂ ಬಿಗಿಯಾಯಿತು. ಒಳ್ಳೆಯದೇ ಆಯಿತು. ಪ್ಲಾಸ್ಟಿಕ್ ಇದೆಯಾ, ಬಾಟಲಿ ಇದೆಯಾ ಅಂತ ನೋಡಲೇಬೇಕು ಅವರು. "ಮೇಡಂ, ಬ್ಯಾಗ್ ಬಿಚ್ಚಿ" ಅಂದರು. ಬಕಲ್ ತೆಗೆದು, ಸುತ್ತು ಬಿಚ್ಚಿ, ಚಪಾತಿ ಡಬ್ಬಿ ತೆಗೆದೆ. "ಅಡಿಯಲ್ಲಿ ಏನಿದೆ?" ನೀರು ತೆಗೆದೆ, ಪೊಂಚೊ, ಸ್ವೆಟರ್, ಒಳಉಡುಪಿನ ಚೀಲ ಎಲ್ಲ ಕಲ್ಲು ಬೆಂಚಿನ ಮೇಲೆ ಸಾಲಾಗಿ ಬಂತು, ಹಿಂದೆ ಹುಡುಗರ ಗುಂಪೊಂದು ನಿಂತು ನೋಡುತ್ತಿತ್ತು. ಕೊನೆಗೆ ಸ್ಲೀಪಿಂಗ್ ಬ್ಯಾಗ್ ಕಂಡಾಗ "ಸಾಕು ಸಾಕು, ಹೋಗಿ" ಅಂದರು. ಪಕ್ಕದವರ ಬ್ಯಾಗಿಗೆ ಮುಂದೆ ಉದ್ದಕ್ಕೆ ಜಿಪ್ ಇತ್ತು, ಸರ್ ಅಂತ ಎಳೆದು ತೋರಿಸಿ ಹೋಗೇ ಬಿಟ್ಟರು. ಪಕ್ಕಕ್ಕೆ ಒಂದು ಜಿಪ್ ಇಟ್ಟಿದ್ದರೆ ಎಷ್ಟು ತೂಕ ಜಾಸ್ತಿ ಆಗುತ್ತಿತ್ತು? ಐವತ್ತು ಗ್ರಾಂ? ಕತ್ತಲಲ್ಲಿ ಹೆಡ್ ಟಾರ್ಚ್ ಹುಡುಕುವಾಗಲೂ ನನಗೆ ಇದೇ ಸಿಟ್ಟು ಬರುವುದು.

ಬೇರೆ ಜೇಬುಗಳ ಕಥೆ ಚಿಕ್ಕದು. ಪಕ್ಕದ ಬಾಟಲಿ ಜೇಬು ಬ್ಯಾಗ್ ಖಾಲಿ ಇದ್ದಾಗ ಸೊಗಸು, ತುಂಬಿದ ಮೇಲೆ ಬಾಟಲಿ ತೆಗೆಯಬಹುದು, ವಾಪಸ್ ಇಡಲು ಜೊತೆಗಿದ್ದವರನ್ನು ಕರೆಯಬೇಕು. ಸೊಂಟದ ಜೇಬಿಗೆ ಚಿಕ್ಕಿ ಹಿಡಿಸುತ್ತೆ, ಈಗಿನ ಫೋನು ಹಿಡಿಸಲ್ಲ. ಎದೆಪಟ್ಟಿಯ ಬಕಲಿನಲ್ಲೇ ಸೀಟಿ ಇದೆ, ಜೋರಾಗಿ ಕೇಳುತ್ತೆ, ಇದು ನಿಜಕ್ಕೂ ಉಪಯೋಗಕ್ಕೆ ಬರುವ ವಸ್ತು, ಮಂಜು ಮುಸುಕಿದ ಗುಡ್ಡದಲ್ಲಿ ಕೂಗಿದರೆ ಅಷ್ಟು ದೂರ ಕೇಳಲ್ಲ, ಸೀಟಿ ಕೇಳುತ್ತೆ.

ಬಸ್ಸಿಗೆ ಈ ಅಳತೆ ಸರಿಯಾಗಿದೆ. ರಾತ್ರಿ ಬಸ್ಸಲ್ಲಿ ಕಾಲ ಹತ್ತಿರವೇ ಇಟ್ಟುಕೊಳ್ಳಬಹುದು, ಡಿಕ್ಕಿಗೆ ಹಾಕಿ ನಸುಕಿನಲ್ಲಿ ಕಂಡಕ್ಟರನ್ನು ಎಬ್ಬಿಸುವ ಗೋಳಿಲ್ಲ. ಭಾವನ 60 ಲೀಟರಿನದು ಪ್ರತಿ ಸಲ ಡಿಕ್ಕಿಗೇ ಹೋಗುತ್ತೆ. "ನಿನ್ನದು ಸ್ಕೂಲ್ ಬ್ಯಾಗು" ಅಂತ ಅವರು ರೇಗಿಸುತ್ತಾರೆ, ಗಿರಿಗದ್ದೆ ತಲುಪುವ ಹೊತ್ತಿಗೆ ಮಾತು ಕಮ್ಮಿಯಾಗಿರುತ್ತೆ. ಹಿಮಾಲಯದ ಚಳಿ ಟ್ರೆಕ್ಕಿಗೆ ಹೋಗುವವರು ಮಾತ್ರ ಭಾವನ ಮಾತು ಕೇಳಿ. ಅಲ್ಲಿಯ ಚಳಿಗೆ ಬೇಕಾದ ದಪ್ಪ ಜಾಕೆಟ್ಟು, ಸ್ಲೀಪಿಂಗ್ ಬ್ಯಾಗ್ ಸೇರಿದರೆ 35 ಲೀಟರ್ ಅರ್ಧದಲ್ಲೇ ಮುಗಿಯುತ್ತೆ.

ವಾರಂಟಿ ವಿಷಯ ಹೇಳಿಬಿಡುತ್ತೇನೆ. ಭುಜದ ಪಟ್ಟಿ ಬ್ಯಾಗಿಗೆ ಸೇರುವ ಜಾಗದಲ್ಲಿ ಹೊಲಿಗೆ ಬಿಟ್ಟಿತು, ಒಂದು ಕಡೆ ಮಾತ್ರ. ಮೇಲ್ ಮಾಡಿದರೆ ಫೋಟೋ ಕೇಳಿದರು, ಕಳಿಸಿದೆ, ಬಿಲ್ ಕೇಳಿದರು, ಕಳಿಸಿದೆ, ಮತ್ತೆ ಅದೇ ಫೋಟೋ ಕೇಳಿದರು. ಕೊನೆಗೆ "ಇದು ಬಳಕೆಯಿಂದ ಆದ ಸವೆತ" ಅಂತ ಉತ್ತರ ಬಂತು. ಬಳಸದೆ ಗೋಡೆಗೆ ನೇತುಹಾಕಬೇಕಿತ್ತೇನೋ. ನಮ್ಮ ಏರಿಯಾದ ಬ್ಯಾಗ್ ರಿಪೇರಿಯವರು ದಪ್ಪ ನೈಲಾನ್ ದಾರದಲ್ಲಿ ಎರಡೂ ಕಡೆ ಅಡ್ಡಡ್ಡ ಮೂರು ಸಾಲು ಹೊಡೆದು, ಒಳಗಿಂದ ಒಂದು ತುಂಡು ಪಟ್ಟಿ ಇಟ್ಟು ಹೊಲಿದು 80 ರೂಪಾಯಿ ತಗೊಂಡರು. ಈಗ ಬ್ಯಾಗಿನಲ್ಲಿ ಎಲ್ಲಕ್ಕಿಂತ ಗಟ್ಟಿ ಇರುವುದು ಆ ಜಾಗವೇ. ನೀವು ಇಂಥ ಬ್ಯಾಗ್ ತಗೊಂಡರೆ ಹೊಸದಿರುವಾಗಲೇ ಆ ಮೂಲೆಗೆ ಒಂದು ಹೊಲಿಗೆ ಹಾಕಿಸಿಬಿಡಿ, ಬೆಟ್ಟದ ಮೇಲೆ ಕಿತ್ತುಬಂದರೆ ಕಷ್ಟ.

ತೊಳೆಯುವುದು, ಇಡುವುದು. ವಾಷಿಂಗ್ ಮಷಿನ್‌ಗೆ ಹಾಕಬೇಡಿ, ಬಕೆಟ್ಟಿನಲ್ಲಿ ನೀರು, ಸ್ವಲ್ಪ ಸೋಪು, ಮೆತ್ತಗಿನ ಬ್ರಷ್ ಸಾಕು. ಆಮೇಲೆ ಬಾಯಿ ತೆರೆದು ತಲೆಕೆಳಗೆ ನೆರಳಲ್ಲಿ ಒಣಗಿಸಿ. ಒಳಗಿನ ಪಾಲಿಯುರೆಥೇನ್ ಲೇಪನಕ್ಕೆ ತೇವವೇ ಶತ್ರು. ಒದ್ದೆ ಬ್ಯಾಗ್ ಸುತ್ತಿ ಅಟ್ಟದ ಮೇಲೆ ಎಸೆದರೆ ಕೆಲವು ವರ್ಷದಲ್ಲಿ ಒಳಗೆಲ್ಲ ಅಂಟಂಟಾಗಿ, ಹಳಸಿದ ವಾಸನೆ ಬಂದು, ಪುಡಿಪುಡಿಯಾಗಿ ಉದುರುತ್ತೆ, ಬ್ಯಾಗಿನ ಬೆಲೆ ಆರು ಸಾವಿರ ಇರಲಿ ಹದಿನಾರು ಸಾವಿರ ಇರಲಿ. ಮಂಗಳೂರು, ಉಡುಪಿ ಕಡೆಯವರು, ಮಲೆನಾಡಿನವರು ಇದನ್ನು ಜಾಸ್ತಿ ಗಮನಿಸಬೇಕು. ನಾನು ಮಳೆಗಾಲ ಪೂರ್ತಿ ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತೇನೆ, ಒಗ್ಗರಣೆ ವಾಸನೆ ಹಿಡಿಯುತ್ತೆ ಅಂತ ಅಮ್ಮನ ತಕರಾರಿದೆ.